ಕೊಸರು

ಕಿಸುಮು ಪೇಟೆ, ಟೈರಂಗಡಿಯ ಮೇಲಿನ ಮಹಡಿ.
ರಬ್ಬರಿನ ವಾಸನೆಯಲ್ಲೇ ನಾನು ಕೋಡ್ ಬರೆಯಲು ಕಲಿತದ್ದು.
ಮೊದಲ ವಾರ ಏನೂ ಬರೆಯಲಿಲ್ಲ.
ಒಗುಟು ಕುರ್ಚಿ ಎಳೆದುಕೊಂಡು ಬಂದು
ತನ್ನ ಹಳೆಯ ತಪ್ಪುಗಳನ್ನು ಒಂದೊಂದಾಗಿ ತೆರೆದು ತೋರಿಸಿದ,
ಮದುವೆಯ ಆಲ್ಬಮ್ ತೋರಿಸುವವರ ಹುರುಪಿನಲ್ಲಿ.
"ಇಲ್ನೋಡು ಅಪೊಂಡಿ, ಇಲ್ಲೊಂದು ಸೊನ್ನೆ ಹೆಚ್ಚಿಗೆ ಬಿದ್ದು
ಒಬ್ಬಾಕೆಯ ಖಾತೆಯಲ್ಲಿ ಇಡೀ ಸರೋವರದ ಮೀನು!"
ನಗಬೇಕೋ ಬೇಡವೋ ತಿಳಿಯದೆ
ಚಹಾ ಲೋಟದೊಳಗೆ ನೋಡಿದೆ.

ನಮ್ಮದು ಮೀನಿನ ಲೆಕ್ಕ.
ರಾತ್ರಿ ದೀಪ ಕಟ್ಟಿಕೊಂಡು ಹೋದ ದೋಣಿಗಳು
ಬೆಳಗಿಗೆ ತಂದಿಳಿಸುವ ಒಮೇನಾ,
ಕಿರುಬೆರಳುದ್ದದ ಬೆಳ್ಳಿ.
ಎಷ್ಟು ಡಬ್ಬ ಬಂತು, ಎಷ್ಟು ಡಬ್ಬ ಖರ್ಚಾಯಿತು,
ದಡದ ಹೆಂಗಸರ ಫೋನಿನಿಂದ ನಮ್ಮ ಯಂತ್ರಕ್ಕೆ.
ಬಂದದ್ದಕ್ಕೂ ಮಾರಿದ್ದಕ್ಕೂ ತಾಳೆಯಿಲ್ಲ.
ದಿನವೂ ನೂರಕ್ಕೆ ನಾಲ್ಕೈದು ಡಬ್ಬ ಮಾಯ.

ಮೂರನೆಯ ತಿಂಗಳು ನನಗೆ ಸಿಕ್ಕ ಕೆಲಸ:
ಆ ಮಾಯವನ್ನು ಹಿಡಿ.
ಹಿಡಿದೆ. ನೂರ ನಲವತ್ತು ಸಾಲು.
ಕೊರತೆ ಕಂಡಲ್ಲೆಲ್ಲ ಹೆಸರಿನ ಮುಂದೆ
ಕೆಂಪಕ್ಷರ: ಕಳವು.
ಪರೀಕ್ಷೆಗಳೆಲ್ಲ ಹಸಿರು. ಊಟಕ್ಕೆ ಆ ದಿನ
ಎರಡು ಮಂದಾಜಿ ಹೆಚ್ಚಿಗೆ ತಿಂದೆ.

ಒಗುಟು ಪೂರ್ತಿ ಓದಿದ. ಒಂದು ಸಾಲನ್ನೂ ತಿದ್ದಲಿಲ್ಲ.
ಅಂಚಿನಲ್ಲಿ ಒಂದೇ ಪ್ರಶ್ನೆ: ಯಾರು ಕದ್ದರು?
ಗೊತ್ತಿಲ್ಲ, ಎಂದು ಬರೆದೆ.
ನನಗೂ ಗೊತ್ತಿಲ್ಲ. ಗುರುವಾರ ಡುಂಗಾಕ್ಕೆ ಹೋಗಿ ಬಾ.
ದಾರಿಖರ್ಚು ಕಚೇರಿಯದು. ಚೀಟಿಯಲ್ಲಿ
ಕಾರಣ ಎಂದಿದ್ದ ಜಾಗದಲ್ಲಿ ಅಥಿಯೆನೋ
"ಕೇಳಲು" ಎಂದು ಬರೆದು ಮೊಹರು ಒತ್ತಿದಳು.

ಡುಂಗಾ ದಡ. ಕೊಕ್ಕರೆಗಳಿಗೂ ಇನ್ನೂ ಪೂರ್ತಿ ಎಚ್ಚರವಿಲ್ಲ.
ರಿಸ್ಪಾ ಡಬ್ಬ ತುಂಬಿದಳು,
ಅಂಗೈಯಿಂದ ಬಾಯಿ ಸವರಿ ಮಟ್ಟ ಮಾಡಿದಳು,
ಸುರಿದಳು. ಆಮೇಲೆ ರಾಶಿಗೆ ಕೈಹಾಕಿ
ಇನ್ನೊಂದು ಹಿಡಿ, ಕೊಂಡವಳ ಬುಟ್ಟಿಗೆ.
"ಇದು?"
"ನ್ಯೋಂಗೇಜಾ."
ಕೊಸರು.
"ಫೋನಿನಲ್ಲಿ ಬರೆಯುವುದಿಲ್ಲವಾ?"
ಎದೆಹಾಲಿನ ಲೆಕ್ಕ ಕೇಳಿದವಳನ್ನು ನೋಡುವಂತೆ
ನನ್ನನ್ನು ನೋಡಿದಳು.
"ಬರೆಯೋಣವೆಂದರೆ ಅದರಲ್ಲಿ ಜಾಗ ಎಲ್ಲಿಟ್ಟಿದ್ದೀರಿ?"

ಇಟ್ಟಿರಲಿಲ್ಲ. ಆರು ವರ್ಷದಿಂದ ಇಟ್ಟಿರಲಿಲ್ಲ.
ಆ ಕೋಷ್ಟಕ ಹೆಣೆದವನೇ ಒಗುಟು.
ಹೇಗೆ ಹೇಳಲೆಂದು ಮಟಾಟುವಿನಲ್ಲಿ ದಾರಿಯುದ್ದಕ್ಕೂ
ಮೆತ್ತಗಿನ ವಾಕ್ಯಗಳನ್ನು ಜೋಡಿಸಿದೆ.
ಒಂದೂ ಬೇಕಾಗಲಿಲ್ಲ.
ಅರ್ಧ ಕೇಳಿ ಹಣೆ ಚಚ್ಚಿಕೊಂಡ:
"ನಮ್ಮಮ್ಮನೂ ಮೀನು ಮಾರುತ್ತಿದ್ದವಳೇ ಕಣೇ."

ನೂರ ನಲವತ್ತು ಸಾಲು ಅಳಿಸಿದೆ.
ಹಲ್ಲು ಕೀಳಿಸಿಕೊಂಡಷ್ಟು ನೋವು, ಸುಳ್ಳೇಕೆ.
ಬದಲಿಗೆ ಒಂಬತ್ತು.
ಆಮೇಲೆ ಜಗಳ: ಒಂದು ಹಿಡಿ ಎಂದರೆ ಎಷ್ಟು ಗ್ರಾಂ?
ರಿಸ್ಪಾಳ ಹಿಡಿಯೋ, ಅವಳ ಮಗಳದೋ?
ದೋಣಿ ತುಂಬಿ ಬಂದ ದಿನದ್ದೋ,
ದೀಪಕ್ಕೆ ಮೀನು ಮೋಸಹೋಗದ ಹುಣ್ಣಿಮೆಯದೋ?
ಕಂಪನಿಯ ಒಡತಿ ನಾಸಿಮಿಯು ಬಾಗಿಲಿಗೊರಗಿ ಎಲ್ಲ ಕೇಳಿ
"ಅಳೆದ ಮೇಲೆ ಅದು ಕೊಸರಾಗಿ ಉಳಿಯುತ್ತದಾ?" ಅಂದಳು.
ಆ ಅಂಕಣಕ್ಕೆ ಸಂಖ್ಯೆಯಿಲ್ಲ.
ಕೊಟ್ಟೆ, ಕೊಡಲಿಲ್ಲ, ಅಷ್ಟೇ.
ಲೆಕ್ಕ ಇವತ್ತಿಗೂ ತಾಳೆಯಾಗುವುದಿಲ್ಲ.
ವರ್ಷಕ್ಕೊಮ್ಮೆ ಬರುವ ಆಡಿಟರಿಗೆ
ಕುರ್ಚಿ ಕೊಟ್ಟು, ಚಹಾ ಕೊಟ್ಟು,
ಮೊದಲಿನಿಂದ ಹೇಳುತ್ತೇವೆ.

ಈಗ ನನ್ನ ಪಕ್ಕದ ಮೇಜಿಗೆ ಒಕೆಚ್ ಬಂದಿದ್ದಾನೆ.
ಮೂರು ದಿನದಿಂದ ಉಗುರು ಕಚ್ಚುತ್ತಿದ್ದಾನೆ.
ಗಂಟೆ ಐದೂಕಾಲು. ಚೀಲ ಹೆಗಲಿಗೇರಿಸಿದ್ದೆ.
"ಒಂದೇ ಒಂದು ಕೇಳಬಹುದಾ?" ಎಂದ, ತಲೆಯೆತ್ತದೆ.
ಅವನ ಒಂದು ಎಂದರೆ ನಾಲ್ಕು.
ಕೆಳಗೆ ಮಟಾಟು ಎರಡು ಸಲ ಹಾರನ್ ಹೊಡೆಯಿತು.
ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು,
ಎಂದೋ ಅಳಿಸಿದ್ದ
ನನ್ನ ನೂರ ನಲವತ್ತು ಸಾಲನ್ನು ತೆರೆದೆ.